ಪೂಲ್‌ಬೆಗ್ ಬೀದಿಯ ಆಚೆಗೆ

ಡಬ್ಲಿನ್ ನಗರಕ್ಕೆ ಬಂದವರನ್ನು ಮೊದಲ ದಿನವೇ ಪಬ್ಬಿಗೆ ಕರೆದೊಯ್ಯುತ್ತಾರೆ, ನಮ್ಮೂರುಗಳಲ್ಲಿ ನೆಂಟರನ್ನು ದೇವಸ್ಥಾನಕ್ಕೆ ಕರೆದೊಯ್ಯುವ ಹಾಗೆ. ಟೆಂಪಲ್ ಬಾರ್ ಎಂಬ ಕೇರಿಯಲ್ಲಿ ಗುಡಿಯೇನೂ ಇಲ್ಲ. ಹೂಕುಂಡ ತೂಗುಹಾಕಿದ ಪಬ್ಬುಗಳು, ಒಳಗಿಂದ ಪಿಟೀಲಿನ ಸದ್ದು, ಹೊರಗೆ ಫೋಟೋ ತೆಗೆಸಿಕೊಳ್ಳುವ ಪ್ರವಾಸಿಗರು. ಸಾಹಿತಿಗಳು ಕುಡಿದ ಪಬ್ಬುಗಳನ್ನು ತೋರಿಸುವುದಕ್ಕೆಂದೇ ಮಾರ್ಗದರ್ಶಿಗಳಿದ್ದಾರೆ. ನಾನು ಅವರ ಹಿಂದೆ ಹೋಗಲಿಲ್ಲ. ಬ್ಯಾಗಿನಲ್ಲಿ ಜೇಮ್ಸ್ ಜಾಯ್ಸ್‌ನ ‘ಡಬ್ಲಿನರ್ಸ್’ ಇತ್ತು. 1914ರಲ್ಲಿ ಬಂದ ಆ ಸಂಕಲನದಲ್ಲಿ ‘ಕೌಂಟರ್‌ಪಾರ್ಟ್ಸ್’ ಎಂಬ ಕಥೆಯಿದೆ. ಅದರ ನಾಯಕ ಫ್ಯಾರಿಂಗ್ಟನ್ ಒಂದು ಸಂಜೆ ಹಿಡಿದ ದಾರಿಯನ್ನೇ ನಾನೂ ಹಿಡಿದೆ.

ಫ್ಯಾರಿಂಗ್ಟನ್ ಒಬ್ಬ ನಕಲು ಗುಮಾಸ್ತ. ಸಾಹೇಬನಿಂದ ಎಲ್ಲರೆದುರು ಬೈಸಿಕೊಂಡು, ಬಾಯಿ ತಪ್ಪಿ ಒಂದು ಎದುರುತ್ತರವನ್ನೂ ಕೊಟ್ಟು, ಸಂಜೆ ಕೈಗಡ ಹುಟ್ಟದೆ ಗಡಿಯಾರವನ್ನು ಅಡವಿಡುತ್ತಾನೆ. ಸಿಕ್ಕಿದ್ದು ಆರು ಷಿಲಿಂಗ್. ಮನೆಯ ಲೆಕ್ಕ ಬರೆದು ಅಭ್ಯಾಸವಿರುವ ನಮ್ಮಂಥವರು ಈ ಕಥೆಯನ್ನು ಓದುವಾಗ ಆ ಆರು ಷಿಲಿಂಗ್‌ನ ಮೇಲೆಯೇ ಕಣ್ಣಿಟ್ಟಿರುತ್ತೇವೆ, ಅಲ್ಲವೆ? ಡ್ಯೂಕ್ ಬೀದಿಯ ಡೇವಿ ಬರ್ನ್ಸ್ ಪಬ್ಬಿನಲ್ಲಿ ಗೆಳೆಯರ ಮುಂದೆ ಅವನು ತನ್ನ ಎದುರುತ್ತರದ ಕಥೆ ಹೇಳಿ ಶೂರನಾಗುತ್ತಾನೆ. ಒಬ್ಬ ಕೊಡಿಸಿದರೆ ಇನ್ನೊಬ್ಬ ಕೊಡಿಸಲೇಬೇಕೆಂಬ ಸರದಿಯ ಮರ್ಯಾದೆ ಬೇರೆ. ಆ ಪಬ್ಬು ಈಗಲೂ ಇದೆ. ನದಿಯ ದಂಡೆಯ ಸ್ಕಾಚ್ ಹೌಸ್ ಇಲ್ಲ. ಪೂಲ್‌ಬೆಗ್ ಬೀದಿಯ ಮಲ್ಲಿಗನ್ಸ್ ಇದೆ. ಕಪ್ಪು ಮರದ ಕೆಲಸ, ಮಬ್ಬು ಬೆಳಕು. ಫ್ಯಾರಿಂಗ್ಟನ್ ಇಲ್ಲಿ ಒಬ್ಬ ಎಳೆಯ ಹುಡುಗನ ಜೊತೆ ತೋಳ್ಬಲದ ಪಂದ್ಯದಲ್ಲಿ ಸೋಲುತ್ತಾನೆ. ನಾನು ಕಿತ್ತಳೆ ರಸ ತರಿಸಿಕೊಂಡು ಕೂತೆ, ಯಾರೂ ತಿರುಗಿ ನೋಡಲಿಲ್ಲ. 1970ರ ದಶಕದಲ್ಲೂ ಈ ಊರಿನ ಎಷ್ಟೋ ಪಬ್ಬುಗಳಲ್ಲಿ ಹೆಂಗಸರಿಗೆ ದೊಡ್ಡ ಲೋಟದ ಬಿಯರ್ ಕೊಡುತ್ತಿರಲಿಲ್ಲ. ಅದಕ್ಕೂ ಹಿಂದೆ, ಕುಡಿಯುವ ಹೆಂಗಸರು ಮರದ ತಡಿಕೆಯ ಮರೆಯಲ್ಲಿ ಕೂರಬೇಕಿತ್ತು.

ಪ್ರವಾಸಿಗರ ಡಬ್ಲಿನ್ ಇಲ್ಲಿಗೆ ಮುಗಿಯುತ್ತದೆ. ಕಥೆ ಮುಗಿಯುವುದಿಲ್ಲ. ಜಾಯ್ಸ್ ದೊಡ್ಡವನಾಗುವುದು ಇಲ್ಲಿಯೇ ಎನ್ನಿಸುತ್ತದೆ ನನಗೆ. ಅವನು ಕುಡುಕನನ್ನು ಪಬ್ಬಿನ ಬಾಗಿಲಲ್ಲಿ ಬಿಟ್ಟು ನಗುತ್ತಾ ಹೋಗದೆ, ಟ್ರಾಮಿನಲ್ಲಿ ಅವನ ಜೊತೆ ಮನೆಯವರೆಗೂ ಬರುತ್ತಾನೆ. ಆಗ ಫ್ಯಾರಿಂಗ್ಟನ್ನನ ಜೇಬಿನಲ್ಲಿ ಉಳಿದದ್ದು ಎರಡು ಪೆನ್ಸ್. ಮನೆಯಲ್ಲಿ ಅಡುಗೆಮನೆ ಖಾಲಿ, ಒಲೆ ಆರುತ್ತಾ ಬಂದಿದೆ. ಹೆಂಡತಿ ಪ್ರಾರ್ಥನೆಗೆ ಹೋಗಿದ್ದಾಳೆ. ಐದು ಮಕ್ಕಳಲ್ಲಿ ಒಬ್ಬ, ಪುಟ್ಟ ಟಾಮ್, ಕೆಳಗೆ ಬರುತ್ತಾನೆ. ಒಲೆ ಆರಲು ಬಿಟ್ಟೆ ಎಂಬ ನೆಪದಲ್ಲಿ ಅಪ್ಪ ಕೈಕೋಲಿನಿಂದ ಬಾರಿಸುತ್ತಾನೆ. ನಿಮಗಾಗಿ ಮೇರಿ ಮಾತೆಯ ಜಪ ಮಾಡುತ್ತೇನೆ ಹೊಡೆಯಬೇಡಿ ಎಂದು ಮಗು ಅಂಗಲಾಚುವಲ್ಲಿಗೆ ಕಥೆ ನಿಲ್ಲುತ್ತದೆ.

ಅವನ ಮನೆಯಿದ್ದ ಶೆಲ್ಬೋರ್ನ್ ರಸ್ತೆಯವರೆಗೆ ನಡೆದೇ ಹೋದೆ. ಹತ್ತಿರದಲ್ಲೇ ಹಳೆಯ ಬ್ಯಾರಕ್ಕಿದೆ. ಅದರೊಳಗೆ ಈಗ ಮುದ್ರಣದ ವಸ್ತುಸಂಗ್ರಹಾಲಯ. ನೋಡಿ ನಗು ಬಂತು. 1906ರಲ್ಲಿ ಈ ಕಥೆಗೆ ತಕರಾರು ತೆಗೆದವನು ಲಂಡನ್ನಿನ ಪ್ರಕಾಶಕನ ಮುದ್ರಕನೇ. ಅವನು ಗುರುತು ಹಾಕಿದ ಸಾಲುಗಳಲ್ಲಿ ಪಬ್ಬಿನಲ್ಲಿ ಕೂತ ಒಬ್ಬ ಹೆಂಗಸಿನ ವರ್ಣನೆಯಿತ್ತು. ಮಗುವಿನ ತೊಡೆಗೆ ಬಿದ್ದ ಏಟು ಅವನಿಗೆ ಅಶ್ಲೀಲವೆನಿಸಲಿಲ್ಲ.

ಆದರೆ ಜಾಯ್ಸ್‌ನ ಮೇಲೂ ನನ್ನದೊಂದು ತಕರಾರಿದೆ. ಹೆಂಡತಿ ಏಡಾಳನ್ನು ಅವನು ಒಂದೆರಡು ವಾಕ್ಯದಲ್ಲಿ ಮುಗಿಸಿಬಿಡುತ್ತಾನೆ: ಮೊನಚು ಮುಖ, ಗಂಡ ಸರಿಯಿದ್ದಾಗ ಅವನನ್ನು ಗದರಿಸುತ್ತಾಳೆ, ಕುಡಿದಾಗ ಅವನಿಂದ ಗದರಿಸಿಕೊಳ್ಳುತ್ತಾಳೆ. ತೂಕ ಸಮ ಎಂಬಂತೆ! ಸಾಹೇಬನ ಬೈಗುಳದ ಒಂದೊಂದು ಮಾತನ್ನೂ, ಒಂದೊಂದು ಲೋಟವನ್ನೂ ಎಣಿಸಿ ಬರೆದವನಿಗೆ ಅವಳ ಒಂದು ಗಂಟೆ ಸಿಗಲಿಲ್ಲ. ಪ್ರಾರ್ಥನೆ ಮುಗಿಸಿ ಅವಳು ಮನೆಗೆ ಬಂದಿರಬೇಕು. ಆರಿದ ಒಲೆಯನ್ನೂ ಹುಡುಗನ ತೊಡೆಯನ್ನೂ ನೋಡಿರಬೇಕು. ಬೆಳಗಾದರೆ ಗಡಿಯಾರವೆಲ್ಲಿ ಎಂದು ಕೇಳುವವಳೂ ಅವಳೇ.