ಗೂಡಿನ ಮುಂದೆ ಕ್ಯಾಮೆರಾ

ಹದ್ದೊಂದು ಮರಿಯ ಬಾಯಿಗೆ ಮಾಂಸದ ಚೂರು ಇಡುತ್ತಿರುವ ಫೋಟೊ ಕಂಡರೆ ಸಾಕು, ಅದರ ಕೆಳಗೆ ‘ತಾಯಿ ಮಮತೆ’ ಎಂದು ಬರೆದುಬಿಡುತ್ತೇವೆ. ಹಕ್ಕಿಯ ಕಣ್ಣು ಎತ್ತ ನೋಡುತ್ತಿದೆ ಎಂದು ನಮ್ಮಲ್ಲಿ ಎಷ್ಟು ಮಂದಿ ಗಮನಿಸಿದ್ದೇವೆ? ಎಷ್ಟೋ ಚಿತ್ರಗಳಲ್ಲಿ ಅದು ನೋಡುತ್ತಿರುವುದು ಮರಿಯನ್ನಲ್ಲ, ಕ್ಯಾಮೆರಾವನ್ನು. ನಾವು ಮಮತೆ ಎಂದು ಓದಿದ್ದು ಭಯವೂ ಆಗಿರಬಹುದು.

ಬ್ರಿಟನ್ನಿನ ಎರಿಕ್ ಹಾಸ್ಕಿಂಗ್ (1909-1991) ಈ ಕಲೆಯ ಹಿರಿಯರಲ್ಲೊಬ್ಬರು. 1937ರಲ್ಲಿ ವೇಲ್ಸ್‌ನಲ್ಲಿ ಗೂಬೆಯ ಗೂಡಿನೆದುರು ಅಡಗಿ ಕೂರಲು ಕಟ್ಟಿದ್ದ ಅಟ್ಟಣೆಯನ್ನು ರಾತ್ರಿ ಏರುತ್ತಿದ್ದಾಗ ಗೂಬೆ ಎರಗಿತು. ಅವರ ಎಡಗಣ್ಣು ಹೋಯಿತು. 1970ರಲ್ಲಿ ಬಂದ ಅವರ ಆತ್ಮಕಥೆಯ ಹೆಸರೇ ‘ಆ್ಯನ್ ಐ ಫಾರ್ ಎ ಬರ್ಡ್’. ಈ ಘಟನೆಯನ್ನು ಛಾಯಾಗ್ರಾಹಕನ ಸಾಹಸವೆಂದೇ ಹೇಳುತ್ತಾ ಬಂದಿದ್ದಾರೆ. ಗೂಬೆಯ ಕಡೆಯಿಂದ ನೋಡಿದರೆ ಅದು ಒಂದು ತಕರಾರು. ಆದರೆ ಹೀಗೆ ತಕರಾರು ಮಾಡುವ ಹಕ್ಕಿಗಳು ಕಡಿಮೆ. ಹೆಚ್ಚಿನವು ಸುಮ್ಮನೆ ಹಾರಿಹೋಗುತ್ತವೆ. ಅನಾಹುತ ಆಗುವುದು ಅಲ್ಲಿಯೇ. ಸುಡುಬಿಸಿಲಿನಲ್ಲಿ ರೆಕ್ಕೆ ಹರಡಿ ಮರಿಗೆ ನೆರಳಾಗಿದ್ದ ತಾಯಿ ಎದ್ದು ಹೋದರೆ, ಗರಿ ಮೂಡದ ಮರಿ ಬೇಯುತ್ತದೆ. ಚಿತ್ರ ಸ್ಪಷ್ಟವಾಗಿ ಬರಲೆಂದು ಕೊಂಬೆ ಕಡಿದವರಂತೂ ಇದ್ದ ಮರೆಯನ್ನೂ ತೆಗೆದು ಕಾಗೆಗೆ ದಾರಿ ತೋರಿಸಿರುತ್ತಾರೆ.

ಅಬೂದಾವೂದ್‌ನಲ್ಲಿ ವರದಿಯಾದ ಹದೀಸೊಂದು ಇಲ್ಲಿ ನೆನಪಾಗುತ್ತದೆ. ಪ್ರಯಾಣದ ನಡುವೆ ಕೆಲವು ಸಹಾಬಿಗಳು ಹಕ್ಕಿಯೊಂದರ ಎರಡು ಮರಿಗಳನ್ನು ಎತ್ತಿಕೊಂಡರು. ತಾಯಿ ಹಕ್ಕಿ ರೆಕ್ಕೆ ಬಡಿಯುತ್ತಾ ಬಂತು. ಅದನ್ನು ಕಂಡ ಪ್ರವಾದಿ(ಸ) ಇದಕ್ಕೆ ನೋವು ಕೊಟ್ಟವರು ಯಾರೆಂದು ವಿಚಾರಿಸಿ, ಮರಿಗಳನ್ನು ಹಿಂದಿರುಗಿಸಲು ಹೇಳಿದರು. ಫೋಟೊ ತೆಗೆಯುವವನು ಮರಿಯನ್ನು ಒಯ್ಯುವುದಿಲ್ಲ, ನಿಜ. ಅವನು ತಾಯಿಯನ್ನು ದೂರ ಮಾಡುತ್ತಾನೆ.

ಹಾಗೆಂದು ಗೂಡಿನ ಬದುಕನ್ನು ನೋಡಲೇಬಾರದು ಎಂಬುದು ನಮ್ಮ ವಾದವಲ್ಲ. ಮಮತೆಯ ಚಿತ್ರ ಮುಚ್ಚಿಡುವ ಸಂಗತಿಗಳೂ ಅಲ್ಲಿವೆ. ಗೋಲ್ಡನ್ ಈಗಲ್ ಗೂಡಿನಲ್ಲಿ ಹಿರಿಯ ಮರಿ ಕಿರಿಯದನ್ನು ಕುಕ್ಕಿ ಸಾಯಿಸುವುದುಂಟು. ತಾಯಿ ಸಾಮಾನ್ಯವಾಗಿ ತಡೆಯುವುದಿಲ್ಲ. ವಿಜ್ಞಾನಿಗಳು ಇದಕ್ಕೆ ತಮ್ಮನನ್ನು ಕೊಂದ ಕೇನ್‌ನ, ಅಂದರೆ ನಮ್ಮ ಕಾಬೀಲನ, ಹೆಸರನ್ನೇ ಇಟ್ಟಿದ್ದಾರೆ. ಇಂಥದ್ದು ಕ್ಯಾಲೆಂಡರಿಗೆ ಒಗ್ಗುವುದಿಲ್ಲ, ಬಿಡಿ.

ಅಮೆರಿಕದ ಅಯೋವಾದ ಡೆಕೋರಾದಲ್ಲಿ ಬಾಲ್ಡ್ ಈಗಲ್ ಗೂಡಿನ ನೇರ ಪ್ರಸಾರವನ್ನು 2011ರಲ್ಲಿ ಲಕ್ಷಾಂತರ ಜನ ನೋಡಿದರು. ಇಂಥ ಕ್ಯಾಮೆರಾಗಳನ್ನು ಹದ್ದು ಮೊಟ್ಟೆಯಿಡುವ ಕಾಲಕ್ಕೆ ಮೊದಲೇ ಕೂರಿಸಿ, ಮನುಷ್ಯರು ಕೆಳಗಿಳಿದು ಹೋಗುತ್ತಾರೆ. ತೆರೆಯ ಮೇಲೆ ಗಂಟೆಗಟ್ಟಲೆ ಏನೂ ನಡೆಯುವುದಿಲ್ಲ. ಹದ್ದು ಮೊಟ್ಟೆಯ ಮೇಲೆ ಕೂತೇ ಇರುತ್ತದೆ.