ಕಣಕಾಲಿನಿಂದ ಶುರುಮಾಡಿ

ನೋಮ್ ಪೆನ್ನಿನ ಅರಮನೆಯ ಪಕ್ಕದಲ್ಲೇ ಕಾಂಬೋಡಿಯದ ರಾಷ್ಟ್ರೀಯ ವಸ್ತುಸಂಗ್ರಹಾಲಯವಿದೆ. ಜಾರ್ಜ್ ಗ್ರೋಸ್ಲಿಯೆ ವಿನ್ಯಾಸಗೊಳಿಸಿ, 1920ರಲ್ಲಿ ಬಾಗಿಲು ತೆರೆದ ಕೆಂಪು ಕಟ್ಟಡ. ಒಳಹೊಕ್ಕವರು ಮೊದಲು ಮುಖಗಳಿಗೆ ಸೋಲುತ್ತಾರೆ. ಖ್ಮೇರ್ ದೊರೆ ಏಳನೆಯ ಜಯವರ್ಮನ ಬಾಗಿದ ರೆಪ್ಪೆ, ತುಟಿಯಂಚಿನ ನಸುನಗೆ ಯಾರನ್ನಾದರೂ ತಡೆದು ನಿಲ್ಲಿಸುತ್ತವೆ. ಆದರೂ ಖ್ಮೇರ್ ಶಿಲ್ಪವನ್ನು ಕಣಕಾಲಿನಿಂದ ನೋಡಲು ಶುರುಮಾಡಿ ಎನ್ನುತ್ತೇನೆ.

ನೋಮ್ ದಾ ಬೆಟ್ಟದಿಂದ ಬಂದ ಎಂಟು ಕೈಗಳ ವಿಷ್ಣುವನ್ನು ನೋಡಿ. ಮೂರ್ತಿಯನ್ನು ಬಳಸಿ ಲಾಳದಾಕಾರದ ಕಲ್ಲಿನ ಕಮಾನಿದೆ. ಅದು ಆಸರೆ. ಅಷ್ಟು ಭಾರವನ್ನು ಎರಡೇ ಕಣಕಾಲು ಹೊತ್ತಾವೇ ಎಂಬ ಅಳುಕು ಶಿಲ್ಪಿಗಿತ್ತು. 10ನೆಯ ಶತಮಾನದ ಹೊತ್ತಿಗೆ, ನಾಲ್ಕನೆಯ ಜಯವರ್ಮನ ರಾಜಧಾನಿ ಕೋ ಕೇರಿನಲ್ಲಿ ಆ ಅಳುಕು ಹೋಗಿತ್ತು. ಅಲ್ಲಿನ ಪ್ರಾಸಾತ್ ಚೆನ್ ಗುಡಿಯ ದುರ್ಯೋಧನ ಮೊಣಕಾಲು ಮಡಿಸಿ, ಇನ್ನೇನು ನೆಗೆಯಬೇಕು. ಭೀಮನ ಗದೆ ತೊಡೆಗೆ ಬೀಳುವ ಕ್ಷಣ ಅದು. ನೋಡುತ್ತಿರುವವರಲ್ಲಿ ಬಲರಾಮನಿದ್ದಾನೆ, ಮಂಡಿಯೂರಿದ ಪಾಂಡವರಿದ್ದಾರೆ. ನಮ್ಮ ಹಳೇಬೀಡಿನಲ್ಲಿ ಭಾರತದ ಕಥೆ ಗೋಡೆಯ ಪಟ್ಟಿಕೆಗಳಲ್ಲಿ ಸಾಗುತ್ತದೆ. ಇಲ್ಲಿ ಆಳೆತ್ತರದ ಮೈಗಳು ಗೋಡೆ ಬಿಟ್ಟು ಬಂದು ಕಣಕ್ಕಿಳಿದಿವೆ. ಅದೇ ಶತಮಾನದ ಕೊನೆಯ ಭಾಗದಲ್ಲಿ ರನ್ನನೂ ಇದೇ ಗದಾಯುದ್ಧವನ್ನು ಕಾವ್ಯಕ್ಕೆ ಆರಿಸಿಕೊಂಡನೆಂದು ನೆನೆದರೆ ನನಗೆ ಮೈ ಜುಮ್ಮೆನ್ನುತ್ತದೆ. ಎರಡು ನಾಡುಗಳು ಒಂದೇ ತೊಡೆಯ ಮೇಲೆ ಕಣ್ಣಿಟ್ಟಿದ್ದವು!

ಶಿಲ್ಪಿ ಎದೆಗಾರಿಕೆ ತೋರಿದ ಜಾಗವೇ ಕಳ್ಳರಿಗೂ ಒದಗಿತು. 1970ರ ದಶಕದ ಆರಂಭದ ಯುದ್ಧಕಾಲದಲ್ಲಿ ಈ ಮೂರ್ತಿಗಳನ್ನು ಕಣಕಾಲಿನಲ್ಲೇ ಮುರಿದು ಸಾಗಿಸಿದರು. ಪಾದಗಳು ಪೀಠದ ಮೇಲೇ ಉಳಿದವು. ಮುಂದೆ 2011ರಲ್ಲಿ ದುರ್ಯೋಧನ ನ್ಯೂಯಾರ್ಕಿನಲ್ಲಿ ಹರಾಜಿಗೆ ಬಂದಾಗ ಕಾಂಬೋಡಿಯ ತಕರಾರು ಎತ್ತಿತು. ಗುಡಿಯಲ್ಲಿ ಉಳಿದಿದ್ದ ಆ ಪಾದಗಳೇ ಅದರ ಗಟ್ಟಿ ಪುರಾವೆ. ಮೊಕದ್ದಮೆ ನಡೆದು, 2014ರಲ್ಲಿ ಅವನು ತಾಯ್ನಾಡಿಗೆ ಮರಳಿದ. ಬಲರಾಮನೂ, ಕ್ಯಾಲಿಫೋರ್ನಿಯದಲ್ಲಿದ್ದ ಭೀಮನೂ ಅದೇ ವರ್ಷ ಬಂದರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಇಬ್ಬರು ಮಂಡಿಯೂರಿದವರನ್ನು ಹಿಂದಿನ ವರ್ಷವೇ ಕಳುಹಿಸಿತ್ತು.

ಈಗ ಸಂಗ್ರಹಾಲಯದಲ್ಲಿರುವ ಇವರೆಲ್ಲರ ಮುಂದೆ ಅರ್ಧ ಗಂಟೆಯಾದರೂ ನಿಲ್ಲಿ. ಮೊದಲು ದುರ್ಯೋಧನನನ್ನು ಬದಿಯಿಂದ ನೋಡಿ. ನೆಗೆತದ ಬಿಗಿ ತೊಡೆಯಲ್ಲಿ ಸೇರಿರುವುದು ಅಲ್ಲಿಂದಲೇ ಚೆನ್ನಾಗಿ ಕಾಣುತ್ತದೆ. ಆಮೇಲೆ ಬಗ್ಗಿ, ಮುರಿದ ಕಣಕಾಲನ್ನು ನೋಡಿ.