‘ಬಂದರೆ’ ಎಂಬುದೂ ಇಂಗ್ಲಿಷಿನ ‘ಇಫ್’ ಎಂಬುದೂ

‘ಇಫ್ ಇಟ್ ರೈನ್ಡ್ ಟುಮಾರೋ, ಐ ವಿಲ್ ನಾಟ್ ಕಮ್.’ ನಮ್ಮ ಕನ್ನಡ ಮಾಧ್ಯಮದ ಮಕ್ಕಳ ಇಂಗ್ಲಿಷ್ ನೋಟುಪುಸ್ತಕಗಳನ್ನು ತಿದ್ದುವವರಿಗೆಲ್ಲ ಈ ಬಗೆಯ ವಾಕ್ಯ ಚಿರಪರಿಚಿತವಾದುದು. ಉಪಾಧ್ಯಾಯ ವೃತ್ತಿಯ ಆರಂಭದ ವರ್ಷಗಳಲ್ಲಿ ಇಂತಹ ವಾಕ್ಯವನ್ನು ಕಂಡಾಗ ನಾನು ‘ರೈನ್ಡ್’ ಎಂಬುದರ ಕೆಳಗೆ ಕೆಂಪು ಗೆರೆಯೆಳೆದು, “ನಾಳೆ ಎಂದ ಮೇಲೆ ಭೂತಕಾಲವೆಲ್ಲಿಂದ ಬಂತು?” ಎಂದು ಗದರುತ್ತಿದ್ದೆ. ಆ ಪ್ರಶ್ನೆಗೆ ಉತ್ತರವಿದೆಯೆಂದೂ, ಅದು ನಮ್ಮ ಕನ್ನಡದಲ್ಲಿಯೇ ಇದೆಯೆಂದೂ ನನಗೆ ಹೊಳೆದುದು ಬಹಳ ತಡವಾಗಿ.

ಪ್ರಚಾರದಲ್ಲಿರುವ ವ್ಯಾಕರಣ ಪುಸ್ತಕಗಳು ಪಕ್ಷಾರ್ಥಕ ವಾಕ್ಯಗಳನ್ನು ಒಂದನೆಯ, ಎರಡನೆಯ, ಮೂರನೆಯ ವಿಧಗಳೆಂದು ವಿಂಗಡಿಸಿ ಸೂತ್ರಗಳಂತೆ ಬಾಯಿಪಾಠ ಮಾಡಿಸುತ್ತವೆ. ವರ್ಗೀಕರಣ ತಪ್ಪಲ್ಲ, ಆದರೆ ಮಗುವು ಏಕೆ ತಪ್ಪುತ್ತದೆ ಎಂಬುದಕ್ಕೆ ಅದರಲ್ಲಿ ಸಮಾಧಾನವಿಲ್ಲ. ಆದುದರಿಂದ ಪರೀಕ್ಷೆಯಲ್ಲಿ ಖಾಲಿ ಬಿಟ್ಟ ಸ್ಥಳವನ್ನು ಸರಿಯಾಗಿ ತುಂಬಿದ ವಿದ್ಯಾರ್ಥಿಯೇ ಮಾತಿಗೆ ನಿಂತಾಗ ಮುಗ್ಗರಿಸುತ್ತಾನೆ.

ಕಾರಣವನ್ನು ಪರಿಶೀಲಿಸೋಣ. ಹಳಗನ್ನಡದ ‘ಬಂದೊಡೆ’ ಎಂಬುದೇ ‘ಬಂದಡೆ’ ಎಂದಾಗಿ ಇಂದಿನ ‘ಬಂದರೆ’ಯಾಗಿದೆ. ಮೂರರಲ್ಲಿಯೂ ಇರುವುದು ‘ಬಂದ’ ಎಂಬ ಭೂತಕಾಲದ ರೂಪವೇ. ಆದರೂ “ನಾಳೆ ಮಳೆ ಬಂದರೆ” ಎಂದಾಗ ಯಾರಿಗೂ ನಿನ್ನೆಯ ನೆನಪಾಗುವುದಿಲ್ಲ. “ಮಳೆ ಬಂದೀತು” ಎಂಬ ಸಂಭಾವನಾರ್ಥಕವೂ ಹಾಗೆಯೇ. ರೂಪ ಭೂತದ್ದು, ಅರ್ಥ ಭವಿಷ್ಯದ್ದು. ನೆರೆಯ ಮಲಯಾಳದ ‘ವನ್ನಾಲ್’, ತುಳುವಿನ ‘ಬತ್ತ್‌ಂಡ’ ಇವುಗಳೂ ಭೂತರೂಪದ ಮೇಲೆಯೇ ನಿಂತಿವೆ. ಹೀಗಿರಲು ನಮ್ಮ ಜಿಲ್ಲೆಯ ಮಗುವು ಮನೆಯಲ್ಲಿ ಈ ಮೂರರಲ್ಲಿ ಯಾವ ಭಾಷೆಯನ್ನಾಡಿದರೂ ‘ರೈನ್ಡ್’ ಎಂದೇ ಬರೆಯುವುದು ಸಹಜ. ಅದು ಅಜಾಗರೂಕತೆಯಲ್ಲ, ಮಾತೃಭಾಷೆಗೆ ತೋರಿದ ನಿಷ್ಠೆ.

ಇನ್ನು ವಾಕ್ಯದ ಉತ್ತರಾರ್ಧವನ್ನು ನೋಡೋಣ. “ಬಸ್ಸು ಬಂದರೆ ಹೋಗುತ್ತೇನೆ”, “ಕಾರಿದ್ದರೆ ಈಗಲೇ ಹೋಗುತ್ತಿದ್ದೆ”, “ನಿನ್ನೆ ಬಸ್ಸು ಬಂದಿದ್ದರೆ ಹೋಗುತ್ತಿದ್ದೆ.” ಮೊದಲನೆಯದು ನಡೆಯಬಹುದಾದುದು, ಎರಡನೆಯದು ಈಗ ಇಲ್ಲದುದು, ಮೂರನೆಯದು ಕೈತಪ್ಪಿ ಹೋದುದು. ಕಾರಿಲ್ಲವೆಂಬುದನ್ನು ‘ಹೋಗುತ್ತಿದ್ದೆ’ ಎಂಬ ಭೂತರೂಪವೇ ಸಾರುತ್ತದೆ. ಇಲ್ಲಿ ಭೂತಕಾಲವು ಕಾಲವನ್ನಲ್ಲ, ವಾಸ್ತವದಿಂದ ದೂರವನ್ನು ಸೂಚಿಸುತ್ತದೆ. ಇಂಗ್ಲಿಷಿನ ಮರ್ಮವೂ ಇದೇ. ‘ಇಫ್ ದ ಬಸ್ ಕಮ್ಸ್, ಐ ವಿಲ್ ಗೋ’. ‘ಇಫ್ ಐ ಹ್ಯಾಡ್ ಎ ಕಾರ್, ಐ ವುಡ್ ಗೋ’. ‘ಇಫ್ ದ ಬಸ್ ಹ್ಯಾಡ್ ಕಮ್, ಐ ವುಡ್ ಹ್ಯಾವ್ ಗಾನ್.’ ವ್ಯತ್ಯಾಸಗಳು ಎರಡೇ. ಇಂಗ್ಲಿಷು ಈ ದೂರವನ್ನು ವಾಕ್ಯದ ಎರಡು ಭಾಗಗಳಲ್ಲಿಯೂ ತೋರಿಸುತ್ತದೆ. ನಮ್ಮ ‘ಬಂದರೆ’ ಎರಡು ಕಡೆಗೂ ಸಲ್ಲುವುದರಿಂದ ಕನ್ನಡದಲ್ಲಿ ಉತ್ತರಾರ್ಧವೇ ಅದನ್ನು ನಿರ್ಣಯಿಸಬೇಕಾಗುತ್ತದೆ. ಎರಡನೆಯದಾಗಿ, ನಾವು ಎರಡೆಡೆಯಲ್ಲಿಯೂ ‘ಹೋಗುತ್ತಿದ್ದೆ’ ಎನ್ನುವಲ್ಲಿ ಇಂಗ್ಲಿಷು ‘ವುಡ್ ಗೋ’, ‘ವುಡ್ ಹ್ಯಾವ್ ಗಾನ್’ ಎಂದು ಬೇರ್ಪಡಿಸುತ್ತದೆ. ಕಲಿಸಬೇಕಾದುದು ಇಷ್ಟೇ.

ನಿತ್ಯದ ಸಂಭಾಷಣೆಯಲ್ಲಿ ಇದರ ಉಪಯೋಗ ಮತ್ತಷ್ಟು ಸ್ಪಷ್ಟ. ಅಂಗಡಿಗೆ ಹೋದವನು “ಅರ್ಧ ಕಿಲೋ ಸಕ್ಕರೆ ಬೇಕಿತ್ತು” ಎನ್ನುತ್ತಾನೆ. ಬೇಕಾದುದು ನಿನ್ನೆಯೋ ಎಂದು ಯಾವ ವ್ಯಾಪಾರಿಯೂ ಕೇಳುವುದಿಲ್ಲ. ಅದು ವಿನಯವೆಂದು ಅವನು ಬಲ್ಲ. “ತಾವು ನಾಳೆ ಬಂದರೆ ಒಳ್ಳೆಯದಿತ್ತು” ಎಂಬ ನಮ್ಮ ಊರಿನ ಮಾತಿಗೆ ‘ಇಟ್ ವುಡ್ ಬಿ ಗುಡ್ ಇಫ್ ಯು ಕೇಮ್ ಟುಮಾರೋ’ ಎಂಬುದು ಸರಿಸಾಟಿಯಾದ ಇಂಗ್ಲಿಷು. ‘ಟುಮಾರೋ’ದೊಡನೆ ‘ಕೇಮ್’! ಹಾಗಾದರೆ ಆ ಹುಡುಗನ ವಾಕ್ಯದಲ್ಲಿ ನಾನು ಗೆರೆಯೆಳೆದ ಪದ ತನ್ನಷ್ಟಕ್ಕೆ ದೋಷಿಯಲ್ಲ. ‘ವಿಲ್’ ಇದ್ದಲ್ಲಿ ‘ವುಡ್’ ಬರೆದಿದ್ದರೆ ವಾಕ್ಯ ಶುದ್ಧವೇ. ಮಳೆ ಬಾರದೆಂಬ ಧ್ವನಿ ಬರುತ್ತಿತ್ತು, ಅಷ್ಟೆ. ಆಟಿ ತಿಂಗಳ ನಿಜವಾದ ಮಳೆಯೇ ಅವನ ಮನಸ್ಸಿನಲ್ಲಿದ್ದರೆ ‘ರೈನ್ಸ್’ ಎನ್ನಬೇಕು. ಅವನನ್ನು ಕೇಳಬೇಕಾಗಿದ್ದುದು, “ಮಳೆ ಬರಬಹುದೆಂದು ನಿನಗೆ ತೋರುತ್ತದೆಯೋ?” ಎಂದು. ನಾನು ಕಾಲವನ್ನು ಕುರಿತು ಗದರಿದುದರ ಫಲವಾಗಿ ಮಕ್ಕಳು ‘ಇಫ್ ಇಟ್ ವಿಲ್ ರೈನ್’ ಎಂದು ಬರೆಯತೊಡಗಿದರು. ಒಂದು ತಪ್ಪನ್ನು ತಿದ್ದಹೋಗಿ ಇನ್ನೊಂದನ್ನು ಕಲಿಸಿದವನು ನಾನೇ.

ಇದು ಇಂಗ್ಲಿಷ್ ತರಗತಿಗೆ ಮಾತ್ರ ಸೀಮಿತವಾದ ವಿಷಯವಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಕನ್ನಡ ಮಾಧ್ಯಮದ ಶಾಲೆಗಳಿಗೆ ಕನ್ನಡ ಬಲ್ಲ ಅಧ್ಯಾಪಕರೇ ಬೇಕೆಂದು ನಾವು ಭಾಷಾಭಿಮಾನದ ಹೆಸರಿನಲ್ಲಿ ವಾದಿಸುತ್ತ ಬಂದಿದ್ದೇವೆ. ಅಭಿಮಾನದ ವಾದವನ್ನು ಅಧಿಕಾರಿಗಳು ಬದಿಗಿರಿಸಬಹುದು. ಬೋಧನೆಯ ವಾದವನ್ನು ಹಾಗೆ ಬದಿಗಿರಿಸಲಾಗದು. ಮಲಯಾಳ ಮಾತ್ರ ಬಲ್ಲ ಅಧ್ಯಾಪಕನ ಕೈಯಲ್ಲಿಯೂ ‘ವನ್ನಾಲ್’ ಎಂಬ ಬೀಗದ ಕೈ ಇದೆ, ನಿಜ. ಆದರೆ ‘ಬೇಕಿತ್ತು’ ಎಂಬ ಬಾಗಿಲು ಎಲ್ಲಿದೆಯೆಂದು ಅವನಿಗೆ ತಿಳಿಯದು. ಕನ್ನಡ ಬಲ್ಲ ನಾವಾದರೂ ಆ ಬಾಗಿಲನ್ನು ತೆರೆಯದೆ ಸೂತ್ರಗಳನ್ನೇ ಬಾಯಿಪಾಠ ಮಾಡಿಸುತ್ತಿದ್ದರೆ, ನಮಗೂ ಅವನಿಗೂ ಏನು ಭೇದ?

ಮುಂದೆ ಇಂತಹ ವಾಕ್ಯ ಎದುರಾದಾಗ ಕೆಂಪು ಶಾಯಿಯನ್ನು ಒಂದು ಕ್ಷಣ ಬದಿಗಿರಿಸಿ, ಅದನ್ನು ಕನ್ನಡದಲ್ಲಿ ಹೇಳುವಂತೆ ಮಗುವನ್ನು ಕೇಳಬೇಕೆಂದು ಸಹೋದ್ಯೋಗಿಗಳಲ್ಲಿ ನನ್ನ ವಿನಂತಿ. ಮೊದಲೇ ನನಗೆ ಇದು ತಿಳಿದಿದ್ದರೆ ಅನೇಕ ಮಕ್ಕಳು ನನ್ನ ಗದರಿಕೆಯಿಂದ ಪಾರಾಗುತ್ತಿದ್ದರು. ಇದು ಮೂರನೆಯ ವಿಧದ ವಾಕ್ಯವೆಂಬುದನ್ನು ವಾಚಕರು ಗಮನಿಸಿರಬಹುದು.